ಚೆಂಡು ಕೈಸೇರುವುದು ಯಾವಾಗ?

ಗುಡೇಕೋಟೆಯ ಹೆಬ್ಬಂಡೆಗಳ ಕೆಳಗಿನ ಬಯಲಿನಲ್ಲಿ ಕೆಲವು ಹುಡುಗರು ಕ್ರಿಕೆಟ್ ಆಡುತ್ತಿದ್ದಾರೆಂದು ಭಾವಿಸೋಣ. ದಾಂಡಿಗನು ಹೊಡೆದ ಚೆಂಡು ಮೇಲೇರಿ ಇಳಿಯುತ್ತದೆ. ಒಬ್ಬನು ಓಡಿಬಂದು ಅದನ್ನು ಎರಡು ಕೈಗಳಲ್ಲಿ ಹಿಡಿಯುತ್ತಾನೆ. ಮರುಕ್ಷಣವೇ ಮುಗ್ಗರಿಸಿ ಬೀಳುತ್ತಾನೆ. ಚೆಂಡು ಜಾರಿ ಉರುಳುತ್ತದೆ. ಹಿಡಿದ ಮೇಲೆ ಬಿತ್ತೆಂದು ಇವನ ವಾದ; ಬಿದ್ದ ಮೇಲೆ ಹಿಡಿದಂತಾಗುವುದು ಹೇಗೆಂದು ದಾಂಡಿಗನ ವಾದ. ಇವರಲ್ಲಿ ಯಾರ ಮಾತು ಸರಿ?

ಇದಕ್ಕೆ ಉತ್ತರ ಹೇಳುವ ಮೊದಲು, ಚೆಂಡನ್ನು ಹಿಡಿಯುವುದೆಂದರೇನು ಎಂಬುದನ್ನು ವಿಚಾರ ಮಾಡಬೇಕು. ಕ್ರಿಕೆಟ್ ಚೆಂಡಿನ ತೂಕ ಸುಮಾರು 160 ಗ್ರಾಂ. ಅದು ಗಂಟೆಗೆ 72 ಕಿಲೋಮೀಟರ್, ಅಂದರೆ ಸೆಕೆಂಡಿಗೆ 20 ಮೀಟರ್ ವೇಗದಿಂದ ಬಂದರೆ ಅದರಲ್ಲಿರುವ ಚಲನಶಕ್ತಿ 32 ಜೂಲ್. ಈ ಶಕ್ತಿಯನ್ನೆಲ್ಲ ಕೈಗಳು ಹೀರಿಕೊಳ್ಳಬೇಕು. ಕೈಯನ್ನು ಬಿಗಿಹಿಡಿದು 4 ಸೆಂಟಿಮೀಟರಿನಲ್ಲಿಯೇ ಚೆಂಡನ್ನು ನಿಲ್ಲಿಸಿದರೆ ಅಂಗೈಯ ಮೇಲೆ ಬೀಳುವ ಸರಾಸರಿ ಬಲ 800 ನ್ಯೂಟನ್. ಇದು 80 ಕಿಲೋಗ್ರಾಂ ತೂಕದ ಮನುಷ್ಯನ ಭಾರಕ್ಕೆ ಹೆಚ್ಚುಕಡಿಮೆ ಸಮ. ಕೈಯನ್ನು ಹಿಂದೆಳೆಯುತ್ತ 40 ಸೆಂಟಿಮೀಟರಿನಲ್ಲಿ ನಿಲ್ಲಿಸಿದರೆ ಬಲವು ಅದರ ಹತ್ತನೆಯ ಒಂದು ಪಾಲಿಗೆ ಇಳಿಯುತ್ತದೆ. 164 ಟೆಸ್ಟ್ ಪಂದ್ಯಗಳಲ್ಲಿ 210 ಕ್ಯಾಚುಗಳನ್ನು ಹಿಡಿದ ನಮ್ಮ ರಾಹುಲ್ ದ್ರಾವಿಡರ ಮೃದುವಾದ ಕೈಗಳ ಗುಟ್ಟಿನಲ್ಲಿ ಇದೂ ಒಂದು.

ಹೀಗಾಗಿ ಕ್ಯಾಚ್ ಎಂಬುದು ಒಂದು ಕ್ಷಣವಲ್ಲ, ಒಂದು ಕ್ರಿಯೆ. ಅದು ಮುಗಿಯಿತೆನ್ನುವ ಗೆರೆಯನ್ನು ಪ್ರಕೃತಿಯು ಎಳೆದಿಲ್ಲ, ಮನುಷ್ಯನೇ ಎಳೆಯಬೇಕು. ಕ್ರಿಕೆಟಿನ 33ನೆಯ ನಿಯಮವು ಆ ಕೆಲಸವನ್ನು ಮಾಡಿದೆ. ಚೆಂಡು ಮೈಗೆ ಸೋಕಿದಾಗ ಕ್ರಿಯೆ ಆರಂಭವಾಗುತ್ತದೆ. ಹಿಡಿದವನಿಗೆ ಚೆಂಡಿನ ಮೇಲೂ ತನ್ನ ದೇಹದ ಚಲನೆಯ ಮೇಲೂ ಪೂರ್ಣ ಹತೋಟಿ ಬಂದಾಗ ಮುಗಿಯುತ್ತದೆ. ಚೆಂಡನ್ನು ಹಿಡಿದ ಕೈ ನೆಲಕ್ಕೆ ತಗುಲಿದರೆ ದೋಷವಿಲ್ಲ; ಚೆಂಡು ಮಾತ್ರ ನೆಲಕ್ಕೆ ತಗುಲಕೂಡದು.

1999ರ ವಿಶ್ವಕಪ್ಪಿನಲ್ಲಿ ದಕ್ಷಿಣ ಆಫ್ರಿಕದ ಹರ್ಷೆಲ್ ಗಿಬ್ಸ್ ಆಸ್ಟ್ರೇಲಿಯದ ಸ್ಟೀವ್ ವಾ ಹೊಡೆದ ಚೆಂಡನ್ನು ಹಿಡಿದು, ಸಂತೋಷದಿಂದ ಮೇಲೆಸೆಯಲು ಹೋಗಿ ಬೀಳಿಸಿದರು. ಹತೋಟಿ ಪೂರ್ಣವಾಗಿರಲಿಲ್ಲವಾದ್ದರಿಂದ ಅದು ಕ್ಯಾಚಾಗಲಿಲ್ಲ. ಆಗ 56 ಓಟಗಳಲ್ಲಿದ್ದ ವಾ ಔಟಾಗದೆ 120 ಗಳಿಸಿ ತಂಡವನ್ನು ಗೆಲ್ಲಿಸಿದರು.

ಅಮೆರಿಕದ ಫುಟ್‌ಬಾಲಿನಲ್ಲಿಯೂ ಇದೇ ತೊಡಕು. ಅಲ್ಲಿ ಚೆಂಡಿನೊಡನೆ ನೆಲಕ್ಕೆ ಬೀಳುವ ಆಟಗಾರನು ಬಿದ್ದು ಮುಗಿಯುವವರೆಗೂ ಹಿಡಿತ ಬಿಡಕೂಡದೆಂಬ ನಿಯಮವಿತ್ತು. ಅದರಿಂದ ವಿವಾದಗಳು ಬೆಳೆದು, 2018ರಲ್ಲಿ ನಿಯಮವನ್ನು ಬದಲಿಸಿದರು. ಚೆಂಡಿನ ಮೇಲೆ ಹತೋಟಿ, ಅಂಕಣದೊಳಗೆ ಎರಡು ಪಾದಗಳು, ಅನಂತರ ಮೂರನೆಯ ಹೆಜ್ಜೆಯಂಥ ಒಂದು ಆಟದ ಕ್ರಿಯೆ: ಇವು ಮೂರು ಈಗಿನ ಲಕ್ಷಣಗಳು.

ನಿಯಮವು ಸ್ಪಷ್ಟವಾಗಿದ್ದರೂ ನಡೆದುದನ್ನು ಕಂಡು ಹೇಳುವವರು ಬೇಕಲ್ಲವೆ? ಇದಕ್ಕೆ 2008ರ ಜನವರಿಯ ಸಿಡ್ನಿ ಟೆಸ್ಟ್ ಒಳ್ಳೆಯ ನಿದರ್ಶನ. ಭಾರತದ ನಾಯಕರಾಗಿದ್ದ ಬೆಂಗಳೂರಿನ ಅನಿಲ್ ಕುಂಬ್ಳೆಯವರೂ ಆಸ್ಟ್ರೇಲಿಯದ ರಿಕಿ ಪಾಂಟಿಂಗರೂ, ಸಂದೇಹವಿರುವ ಕ್ಯಾಚಿನಲ್ಲಿ ಹಿಡಿದವನ ಮಾತೇ ಪ್ರಮಾಣವೆಂದು ಒಪ್ಪಿಕೊಂಡಿದ್ದರು. ಕೊನೆಯ ದಿನ 51 ಓಟ ಗಳಿಸಿದ್ದ ಸೌರವ್ ಗಂಗೂಲಿಯವರ ಚೆಂಡನ್ನು ಮೈಕೆಲ್ ಕ್ಲಾರ್ಕ್ ನೆಲದ ಸಮೀಪದಲ್ಲಿ ಹಿಡಿದರು. ತೀರ್ಪುಗಾರ ಮಾರ್ಕ್ ಬೆನ್ಸನ್ ಪಾಂಟಿಂಗರನ್ನು ಕೇಳಿದರು, ಪಾಂಟಿಂಗ್ ಬೆರಳೆತ್ತಿದರು, ಗಂಗೂಲಿ ಔಟಾದರು. ಭಾರತವು 122 ಓಟಗಳಿಂದ ಸೋತಿತು. ಚೆಂಡು ನೆಲಕ್ಕೆ ತಗುಲಿತ್ತೆ ಎಂಬ ವಾದ ಮುಗಿಯಲಿಲ್ಲ. ಆ ಒಪ್ಪಂದ ಮಾತ್ರ ಮುಗಿಯಿತು.

ಇಲ್ಲಿ ಯಾರಾದರೂ ಸುಳ್ಳಾಡಿರಲೇಬೇಕೆಂದು ತಿಳಿಯಬೇಕಾಗಿಲ್ಲ. ಬೆರಳಿನ ಸ್ಪರ್ಶದ ಸುದ್ದಿ ಮಿದುಳನ್ನು ತಲಪಲು ಸೆಕೆಂಡಿನ ನೂರನೆಯ ಒಂದೆರಡು ಭಾಗಗಳು ಬೇಕು. ಅಷ್ಟರಲ್ಲಿ ಬೆರಳು, ಹುಲ್ಲು, ಚೆಂಡು ಒಂದಕ್ಕೊಂದು ತಾಕಿ ಬಿಟ್ಟಿರುತ್ತವೆ. ಹಿಡಿದವನಿಗೇ ಪೂರ್ತಿ ಗೊತ್ತಿರದಿದ್ದರೆ ಆಶ್ಚರ್ಯವಿಲ್ಲ.

ಹಾಗಾದರೆ ಕ್ಯಾಮೆರಾವನ್ನು ಕೇಳಿದರಾಗದೆ? ಅದಕ್ಕೂ ಮಿತಿಯುಂಟು. ಸೆಕೆಂಡಿಗೆ 50 ಚಿತ್ರ ತೆಗೆಯುವ ಕ್ಯಾಮೆರಾದಲ್ಲಿ, ಒಂದು ಚಿತ್ರದಿಂದ ಮುಂದಿನದರೊಳಗೆ ನಾವು ಹೇಳಿದ ಚೆಂಡು 40 ಸೆಂಟಿಮೀಟರ್ ಸಾಗಿರುತ್ತದೆ. ಚಿತ್ರಗಳ ಸಂಖ್ಯೆ ಹೆಚ್ಚಿಸಿದರೆ ಈ ಕೊರತೆ ನೀಗುವುದು ನಿಜ. ಆದರೆ ದೂರದಿಂದ ನೋಡುವ ಮಸೂರವು ಹಿಂದುಮುಂದಿನ ಅಂತರವನ್ನು ಅಡಗಿಸಿ, ಚೆಂಡಿನ ಅಡಿಯ ಬೆರಳುಗಳನ್ನು ಹುಲ್ಲಿನೊಡನೆ ಬೆರೆಸಿ ತೋರಿಸುತ್ತದೆ. ಆದ್ದರಿಂದ ಸರಿಯಾದ ಕ್ಯಾಚೂ ನೆಲ ಮುಟ್ಟಿದಂತೆ ಕಾಣಬಹುದು. ಸಂದೇಹದ ಕ್ಯಾಚನ್ನು ದೂರದರ್ಶನದ ತೀರ್ಪುಗಾರರಿಗೆ ಒಪ್ಪಿಸುವಾಗ ಮೈದಾನದ ತೀರ್ಪುಗಾರರು ತಮ್ಮ ಅಭಿಪ್ರಾಯವನ್ನೂ ಸೂಚಿಸುವ ಪದ್ಧತಿಯನ್ನು ಅಂತರರಾಷ್ಟ್ರೀಯ ಪಂದ್ಯಗಳಲ್ಲಿ 2023ರ ಜೂನಿನಿಂದ ಕೈಬಿಡಲಾಗಿದೆ.

ಈಗ ನಮ್ಮ ಗುಡೇಕೋಟೆಯ ಬಯಲಿಗೆ ಮರಳೋಣ. ಓಡಿಬಂದ ಹುಡುಗನಿಗೆ ಚೆಂಡಿನ ಮೇಲೆ ಹತೋಟಿಯಿದ್ದಿರಬಹುದು. ತನ್ನ ದೇಹದ ಮೇಲೆ ಇರಲಿಲ್ಲ. ಆದ್ದರಿಂದ ದಾಂಡಿಗನು ಔಟಲ್ಲ. ಆದರೆ ಅಲ್ಲಿ ಕ್ಯಾಮೆರಾ ಇಲ್ಲ, ತೀರ್ಪುಗಾರನೂ ಇಲ್ಲ. ಚೆಂಡು ನೆಲಕ್ಕೆ ತಗುಲಿತೋ ಇಲ್ಲವೋ ತಿಳಿಯದಾದಾಗ ‘ನನಗೆ ಗೊತ್ತಾಗಲಿಲ್ಲ’ ಎಂದು ಒಪ್ಪಿಕೊಳ್ಳಬಲ್ಲ ಹುಡುಗನಿದ್ದರೆ ಆಟ ಮುಂದುವರಿಯುತ್ತದೆ. ತನ್ನ ಅಳತೆಯ ಮಿತಿಯನ್ನು ಅರಿತು ಹೇಳುವುದು ವಿಜ್ಞಾನದ ಮೊದಲ ಪಾಠವೂ ಹೌದು.