ಕುಲ ತಿಳಿಯದ ಕಿರುಜೀವಿ

ಮಗು ಹುಟ್ಟಿದ ಮನೆಯಲ್ಲಿ ನಾಮಕರಣವು ಸಂಭ್ರಮದ ಕಾರ್ಯ. ಪ್ರಾಣಿಶಾಸ್ತ್ರಜ್ಞನಿಗೆ ಅದು ಹೊಣೆಗಾರಿಕೆಯ ಕಾರ್ಯ. ಹೊಸ ಜೀವಿಗೆ ಹೆಸರಿಟ್ಟರಷ್ಟೇ ಸಾಲದು. ಅದರ ಕುಲಗೋತ್ರಗಳನ್ನೂ ಆತನು ನಿರ್ಣಯಿಸಬೇಕು. ಆ ನಿರ್ಣಯ ತಪ್ಪಿದರೆ ಜ್ಞಾನಕ್ಕೆ ಒದಗುವ ಹಾನಿ ಎಂಥದೆಂಬುದಕ್ಕೆ ಟ್ರೈಕೋಪ್ಲಾಕ್ಸ್ ಎಂಬ ಕಡಲಜೀವಿಯ ವೃತ್ತಾಂತವೇ ಸಾಕ್ಷಿ.

1883ರಲ್ಲಿ ಫ್ರಾನ್ಸ್ ಐಲ್‌ಹಾರ್ಡ್ ಶುಲ್ಜೆ ಎಂಬ ಜರ್ಮನ್ ವಿಜ್ಞಾನಿಯು ಆಸ್ಟ್ರಿಯದ ಗ್ರಾಟ್ಸ್ ವಿಶ್ವವಿದ್ಯಾನಿಲಯದಲ್ಲಿ, ಕಡಲನೀರು ತುಂಬಿದ ತೊಟ್ಟಿಯ ಗಾಜಿನ ಮೇಲೆ ಅದನ್ನು ಕಂಡನು. ಕೆಲವೇ ಮಿಲಿಮೀಟರ್ ಅಗಲದ, ಕಾಗದಕ್ಕಿಂತಲೂ ತೆಳುವಾದ ಬಿಲ್ಲೆ. ಅದಕ್ಕೆ ಹಿಂದುಮುಂದಿಲ್ಲ, ಎಡಬಲವಿಲ್ಲ. ಬಾಯಿ, ಕರುಳು, ನರಗಳೂ ಇಲ್ಲ. ಮೈಯ ಸೂಕ್ಷ್ಮ ರೋಮಗಳನ್ನು ಆಡಿಸುತ್ತ ತೆವಳುವುದು, ಗಳಿಗೆಗೊಂದು ಆಕಾರ ತಾಳುವುದು, ಸಿಕ್ಕಿದ ಪಾಚಿಯ ಮೇಲೆ ಕವುಚಿಕೊಂಡು ಮೈಯಡಿಯಲ್ಲಿಯೇ ಅದನ್ನು ಕರಗಿಸಿ ಹೀರುವುದು, ಬೆಳೆದಾಗ ಎರಡಾಗಿ ಸೀಳಿಕೊಳ್ಳುವುದು: ಇಷ್ಟೇ ಅದರ ಬಾಳು. ಶುಲ್ಜೆಯು ಅದನ್ನು ಟ್ರೈಕೋಪ್ಲಾಕ್ಸ್ ಅಡ್‌ಹೆರೆನ್ಸ್ ಎಂದು ಕರೆದನು. ಅಂಟಿಕೊಳ್ಳುವ ರೋಮಫಲಕ ಎಂದು ಅದರ ಅರ್ಥ.

ಹೆಸರೇನೋ ಸಾರ್ಥಕವಾಗಿತ್ತು, ಕುಲದ ಪ್ರಶ್ನೆ ಮಾತ್ರ ಉಳಿಯಿತು. 1907ರಲ್ಲಿ ಥಿಲೋ ಕ್ರುಂಬಾಖ್ ಎಂಬಾತನು, ಇದು ಸ್ವತಂತ್ರ ಪ್ರಾಣಿಯೇ ಅಲ್ಲ, ಲೋಳೆಮೀನಿನ ಬಳಗಕ್ಕೆ ಹತ್ತಿರವಾದ ಎಲ್ಯುಥೀರಿಯ ಎಂಬ ಜೀವಿಯ ಡಿಂಭ ಎಂದು ಸಾರಿದನು. ಪಠ್ಯಗ್ರಂಥಗಳು ಈ ಮಾತನ್ನು ಒಪ್ಪಿಕೊಂಡುವು. ಇನ್ನೊಂದರ ಮರಿಯೆಂದು ತೀರ್ಮಾನವಾದ ಮೇಲೆ ಅದನ್ನು ಬೇರೆಯಾಗಿ ಅಭ್ಯಸಿಸುವವರಾರು? ಸುಮಾರು ಅರುವತ್ತು ವರ್ಷ ಟ್ರೈಕೋಪ್ಲಾಕ್ಸ್ ವಿದ್ವಾಂಸರ ದೃಷ್ಟಿಯಿಂದ ಮರೆಯಾಯಿತು. ಕಡಲಿನಲ್ಲಿ ಅದು ಇದ್ದೇ ಇತ್ತು. ಗ್ರಂಥಗಳಲ್ಲಿ ಮಾತ್ರ ಇರಲಿಲ್ಲ.

ಆ ಮರೆವನ್ನು ಹೋಗಲಾಡಿಸಿದವನು ಟ್ಯೂಬಿಂಗನ್ನಿನ ಕಾರ್ಲ್ ಗ್ರೆಲ್. 1960ರ ದಶಕದ ಕೊನೆಯಲ್ಲಿ ಆತನು ಅದನ್ನು ಸಾಕಿ, ತಾಳ್ಮೆಯಿಂದ ಪರೀಕ್ಷಿಸಿ, ಅದರ ಮೈಯಲ್ಲಿ ಅಂಡಗಳು ರೂಪುಗೊಂಡು ವಿಭಜನೆಗೊಳ್ಳುವುದನ್ನು ಗುರುತಿಸಿದನು. ಅಂಡವನ್ನು ಪಡೆಯುವ ಜೀವಿಯನ್ನು ಡಿಂಭವೆನ್ನುವುದು ಹೇಗೆ? 1971ರಲ್ಲಿ ಗ್ರೆಲ್ ಈ ಕಿರುಜೀವಿಗಾಗಿಯೇ ಪ್ಲಾಕೋಜೋವ ಎಂಬ ಪ್ರತ್ಯೇಕ ವಂಶವನ್ನು ಸ್ಥಾಪಿಸಿದನು. ಯಾರದೋ ಮರಿಯೆನಿಸಿದ್ದುದು ಹೀಗೆ ತನ್ನದೇ ಮನೆತನಕ್ಕೆ ಮೂಲಪುರುಷನಾಯಿತು!

ಅಲ್ಲಿಗೂ ಕಥೆ ಮುಗಿಯಲಿಲ್ಲ. 2008ರಲ್ಲಿ ಪ್ರಕಟವಾದ ಅಧ್ಯಯನವು ಅದರಲ್ಲಿ ಸುಮಾರು 11,500 ವಂಶವಾಹಿಗಳನ್ನು ಎಣಿಸಿತು. ನರಗಳೇ ಇಲ್ಲದ ಈ ಪ್ರಾಣಿಯಲ್ಲಿ, ಇತರ ಪ್ರಾಣಿಗಳ ನರಗಳ ಕಾರ್ಯಕ್ಕೆ ಬೇಕಾದ ಹಲವು ವಂಶವಾಹಿಗಳೂ ಕಂಡುಬಂದುವು. 2018ರಲ್ಲಿ ಹಾಂಗ್‌ಕಾಂಗಿನ ಸಂಬಂಧಿಯೊಂದಕ್ಕೆ ಹೊಯ್‌ಲುಂಗಿಯ ಹಾಂಗ್‌ಕಾಂಗೆನ್ಸಿಸ್ ಎಂಬ ಹೆಸರಾಯಿತು; ಬೇಕಾದ ರೂಪ ತಾಳಬಲ್ಲ ಚೀನೀ ಪುರಾಣದ ಕಡಲ ಮಹಾಸರ್ಪವೇ ಇದಕ್ಕೆ ಸ್ಫೂರ್ತಿ. ನೋಟಕ್ಕೆ ಇದು ಟ್ರೈಕೋಪ್ಲಾಕ್ಸಿನ ಪಡಿಯಚ್ಚು. ವಂಶವಾಹಿಗಳನ್ನು ಹೋಲಿಸಿದಾಗಲೇ ಭೇದ ತಿಳಿದದ್ದು.

ಹೆಸರು ಕೊಡುವುದೆಂದರೆ ವಿಚಾರಣೆಯನ್ನು ಮುಗಿಸುವುದಲ್ಲ. ಗ್ರಂಥ ಹೇಳಿದ್ದನ್ನು ಬದಿಗಿಟ್ಟು ಗ್ರೆಲ್ ಮತ್ತೊಮ್ಮೆ ಕಣ್ಣಾರೆ ನೋಡದಿದ್ದರೆ, ಒಂದು ವಂಶಕ್ಕೆ ವಂಶವೇ ಒಂದು ತಪ್ಪು ಶಬ್ದದ ಕೆಳಗೆ ಇನ್ನೆಷ್ಟು ಕಾಲ ಅಡಗಿರುತ್ತಿತ್ತೋ!