ಘಾಟ್ಕೋಪರಿನ ದುರಸ್ತಿಗೆ ದುಡ್ಡು ಕೊಡುವವರು ಯಾರು?

ಘಾಟ್ಕೋಪರಿನಲ್ಲಿ ಒಂದು ಮೆಟ್ಟಿಲು ಮುರಿದರೆ, ಒಂದು ಗಟಾರ ಕಟ್ಟಿಕೊಂಡರೆ, ಅದನ್ನು ಸರಿಮಾಡಿಸಬೇಕಾದವರು ಯಾರೆಂಬುದು ಆ ಜಾಗ ಯಾರ ಸುಪರ್ದಿನಲ್ಲಿದೆ ಎಂಬುದರ ಮೇಲೆ ತೀರ್ಮಾನವಾಗುತ್ತದೆ. ಸ್ಟೇಷನ್ನಿನ ಪ್ಲಾಟ್‌ಫಾರ್ಮುಗಳು ಮಧ್ಯ ರೈಲ್ವೆಯವು. ಅದರ ಮಗ್ಗುಲಲ್ಲೇ ಇರುವ ಮೆಟ್ರೊ ನಿಲ್ದಾಣ 2014ರ ಜೂನ್ 8ರಂದು ಶುರುವಾದ ವರ್ಸೋವಾ–ಅಂಧೇರಿ–ಘಾಟ್ಕೋಪರ್ ಮಾರ್ಗದ ಕೊನೆಯ ತಾಣ. ಅದನ್ನು ನಡೆಸುವುದು ಮುಂಬೈ ಮೆಟ್ರೊ ಒನ್ ಕಂಪನಿ. ಸ್ಟೇಷನ್ ದಾಟಿದರೆ ಸಿಗುವ ರಸ್ತೆ ಮಹಾನಗರ ಪಾಲಿಕೆಯದು. ಪಂತ್ ನಗರದ ಹಳೆಯ ಕಾಲನಿ ರಾಜ್ಯದ ವಸತಿ ಪ್ರಾಧಿಕಾರ ಮ್ಹಾಡಾದ್ದು. ಪಶ್ಚಿಮದ ಗುಡ್ಡದ ಮೇಲಿನ ವಸತಿಗಳ ನೆಲ ಒಂದೆಡೆ ಸರ್ಕಾರದ್ದು, ಒಂದೆಡೆ ಪಾಲಿಕೆಯದು, ಇನ್ನೊಂದೆಡೆ ಖಾಸಗಿಯವರದು. ಪೂರ್ವಕ್ಕೆ ಹಾದುಹೋಗುವ ಈಸ್ಟರ್ನ್ ಎಕ್ಸ್‌ಪ್ರೆಸ್ ಹೈವೇ ಪ್ರದೇಶಾಭಿವೃದ್ಧಿ ಪ್ರಾಧಿಕಾರ ಎಂಎಂಆರ್‌ಡಿಎ ಕೈಯಲ್ಲಿತ್ತು, 2022ರಲ್ಲಿ ಪಾಲಿಕೆಯ ಪಾಲಿಗೆ ಬಂತು.

ಒಡೆತನ ಹೀಗೆ ಹಂಚಿಹೋಗಿರುವ ಕಡೆ ದುರಸ್ತಿಯೂ ತಪಾಸಣೆಯೂ ಇಬ್ಬರ ನಡುವೆ ಬಿದ್ದುಹೋಗುತ್ತವೆ. 2024ರ ಮೇ 13ರ ಸಂಜೆ ಘಾಟ್ಕೋಪರಿನ ಛೇಡಾ ನಗರದ ಪೆಟ್ರೋಲ್ ಬಂಕಿನ ಮೇಲೆ ಜಾಹೀರಾತು ಫಲಕ ಉರುಳಿ 17 ಜನ ಸತ್ತರು. ನಗರದಲ್ಲಿ ಅನುಮತಿಯಿದ್ದದ್ದು 40 ಅಡಿ ಉದ್ದ, 40 ಅಡಿ ಅಗಲದ ಫಲಕಕ್ಕೆ. ಬಿದ್ದದ್ದು 120 ಅಡಿ ಉದ್ದ, 120 ಅಡಿ ಅಗಲದ್ದು. ನೆಲ ರೈಲ್ವೆ ಪೊಲೀಸರ ಸುಪರ್ದಿನಲ್ಲಿತ್ತು, ಪಾಲಿಕೆಯ ಪರವಾನಗಿ ಇರಲಿಲ್ಲ. ಜಾಗದಿಂದ ಬಾಡಿಗೆ ಎತ್ತುವ ಹಕ್ಕು ಯಾರದೆಂಬುದು ಎಲ್ಲರಿಗೂ ಗೊತ್ತಿತ್ತು. ಅದರ ಅಡಿಪಾಯ ಪರೀಕ್ಷಿಸುವ ಹೊಣೆ ಯಾರದೆಂಬ ಚರ್ಚೆ ಮಾತ್ರ ಹೆಣಗಳನ್ನು ಎತ್ತಿದ ಮೇಲೆ ನಡೆಯಿತು. 2019ರ ಮಾರ್ಚ್ 14ರಂದು ಸಿಎಸ್‌ಎಂಟಿ ರೈಲು ನಿಲ್ದಾಣದ ಬಳಿಯ ಹಿಮಾಲಯ ಪಾದಚಾರಿ ಸೇತುವೆ ಕುಸಿದಾಗಲೂ ಮೊದಲು ಎದ್ದ ಪ್ರಶ್ನೆ ಸೇತುವೆ ರೈಲ್ವೆಯದೋ ಪಾಲಿಕೆಯದೋ ಎಂಬುದೇ ಆಗಿತ್ತು.

ಊರಿನ ದಿನನಿತ್ಯದ ರಿಪೇರಿಯ ಬಹುಪಾಲು ಹೊರೆ ಬೃಹನ್ಮುಂಬೈ ಮಹಾನಗರ ಪಾಲಿಕೆಯ ಮೇಲಿದೆ. ಘಾಟ್ಕೋಪರ್ ಒಂದು ಕಾಲಕ್ಕೆ ಬೇರೆಯೇ ಮುನಿಸಿಪಾಲಿಟಿಯಾಗಿತ್ತು. 1950ರಲ್ಲಿ ನಗರದ ಎಲ್ಲೆ ವಿಸ್ತರಿಸಿದಾಗ ಮುಂಬೈಯೊಳಗೆ ಸೇರಿತು. ಈಗ ಅದು ಪಾಲಿಕೆಯ ಎನ್ ವಾರ್ಡ್. ಪಾಲಿಕೆ ನಡೆಯುವುದು 1888ರ ಕಾಯ್ದೆಯ ಪ್ರಕಾರ. ಆ ಕಾಯ್ದೆಯ 61ನೇ ಕಲಮು ಪಾಲಿಕೆ ಮಾಡಲೇಬೇಕಾದ ಕೆಲಸಗಳನ್ನು ಹೇಳುತ್ತದೆ: ರಸ್ತೆ, ಚರಂಡಿ, ನೀರು, ದೀಪ, ಆಸ್ಪತ್ರೆ, ಪ್ರಾಥಮಿಕ ಶಾಲೆ. ಇವನ್ನು ಕಟ್ಟುವುದಷ್ಟೇ ಅಲ್ಲ, ಸುಸ್ಥಿತಿಯಲ್ಲಿ ಇಡುವುದೂ ಕರ್ತವ್ಯ. 63ನೇ ಕಲಮಿನಲ್ಲಿರುವುದು ಪಾಲಿಕೆ ಬಯಸಿದರೆ ಮಾಡಬಹುದಾದ ಕೆಲಸಗಳು. ಹಣ ಸಾಲದ ವರ್ಷ ಮೊದಲ ಕತ್ತರಿ ಬೀಳುವುದು ಈ ಎರಡನೆಯದಕ್ಕೆ.

ಪಾಲಿಕೆಯ ಆಯವ್ಯಯ ಅಕ್ಷರಗಳ ಹೆಸರಿನಲ್ಲಿ ಹಂಚಿಹೋಗಿದೆ. 'ಎ' ಸಾಮಾನ್ಯ ಆಡಳಿತದ್ದು, ರಸ್ತೆ, ಸೇತುವೆ, ಆಸ್ಪತ್ರೆ, ಕಸ ಎಲ್ಲ ಅದರಲ್ಲಿ ಬರುತ್ತವೆ. 'ಇ' ಶಿಕ್ಷಣದ್ದು. ಮರಾಠಿ, ಹಿಂದಿ, ಉರ್ದು, ಗುಜರಾತಿ, ತಮಿಳು, ತೆಲುಗು, ಇಂಗ್ಲಿಷಿನ ಜೊತೆ ಕನ್ನಡದಲ್ಲೂ ಪಾಲಿಕೆ ಶಾಲೆ ನಡೆಸುತ್ತದೆ. ಆ ಕಟ್ಟಡಗಳ ಮಾಡು ಸೋರಿದರೆ ಖರ್ಚು ಇಲ್ಲಿಂದ ಹುಟ್ಟಬೇಕು. 'ಜಿ' ನೀರು ಮತ್ತು ಮಲಿನ ನೀರಿನದು. ನೀರಿನ ಬಿಲ್ಲಿನಿಂದ ಬಂದದ್ದು ನೀರಿಗೇ ಹೋಗಬೇಕು, ಬೇರೆ ಕೆಲಸಕ್ಕೆ ಹರಿದುಹೋಗಬಾರದು ಎಂಬುದು ಈ ಪ್ರತ್ಯೇಕ ಲೆಕ್ಕದ ಉದ್ದೇಶ. ದುರಸ್ತಿಯ ದೃಷ್ಟಿಯಿಂದ ಇದು ಬಹಳ ಒಳ್ಳೆಯ ಏರ್ಪಾಡು. ಹಣ ಯಾವುದಕ್ಕೆಂದು ಮೊದಲೇ ಕಟ್ಟಿಟ್ಟರೆ ಮಾತ್ರ ಹಳೆಯ ಪೈಪು ಬದಲಾಗುತ್ತದೆ.

ಹಣದ ಮೂಲ ನೋಡಿದರೆ ಕಳೆದ ಕೆಲವು ವರ್ಷಗಳಲ್ಲಿ ದೊಡ್ಡ ಬದಲಾವಣೆಯಾಗಿದೆ. 2017ರ ಜೂನ್‌ವರೆಗೆ ಮುಂಬೈಯ ದೊಡ್ಡ ಆದಾಯ ಜಕಾತಿ. ಮುಲುಂಡ್, ದಹಿಸರ್ ನಾಕಾಗಳಲ್ಲಿ ಲಾರಿ ನಿಲ್ಲಿಸಿ ವಸೂಲಾಗುತ್ತಿದ್ದ ಮೊತ್ತ ವರ್ಷಕ್ಕೆ 7 ಸಾವಿರ ಕೋಟಿ ರೂಪಾಯಿಯ ಆಸುಪಾಸಿನಲ್ಲಿತ್ತು, ಅದೂ ಪಾಲಿಕೆಯ ಸ್ವಂತ ಕೈಯಿಂದ. ಜುಲೈ 1ರಂದು ಜಿಎಸ್‌ಟಿ ಬಂದು ನಾಕಾಗಳು ಮುಚ್ಚಿದವು. ಬದಲಿಗೆ ರಾಜ್ಯ ಸರ್ಕಾರ ತಿಂಗಳು ತಿಂಗಳು ಪರಿಹಾರ ಕೊಡುತ್ತದೆ. ಮೊದಲ ಕಂತು 647.34 ಕೋಟಿ ರೂಪಾಯಿ. 2025–26ರ ಆಯವ್ಯಯದಲ್ಲಿ ಈ ಪರಿಹಾರದ ಅಂದಾಜು 14,398 ಕೋಟಿ. ಮೊತ್ತ ಬೆಳೆದಿದೆ, ಆದರೆ ಗಳಿಸುತ್ತಿದ್ದ ಪಾಲಿಕೆ ಕೈಚಾಚುವ ಪಾಲಿಕೆಯಾಗಿದೆ.

ಪಾಲಿಕೆಯ ಸ್ವಂತದ್ದೆಂದು ಉಳಿದಿರುವ ಮುಖ್ಯ ತೆರಿಗೆ ಆಸ್ತಿ ತೆರಿಗೆ. ಘಾಟ್ಕೋಪರಿನ ಒಂದು ಸೊಸೈಟಿಗೆ ಬರುವ ಬಿಲ್ಲನ್ನು ಬಿಡಿಸಿ ನೋಡಿದರೆ ಅದರಲ್ಲಿ ಒಂದಲ್ಲ, ಹತ್ತರ ಹತ್ತಿರ ತೆರಿಗೆಗಳು ಸಾಲಾಗಿ ಕಾಣುತ್ತವೆ. ಸಾಮಾನ್ಯ ತೆರಿಗೆ, ನೀರಿನ ತೆರಿಗೆ, ಜಲಲಾಭ ತೆರಿಗೆ, ಮಲಿನ ನೀರಿನ ತೆರಿಗೆ, ಅದರದೇ ಲಾಭ ತೆರಿಗೆ, ಪಾಲಿಕೆಯ ಶಿಕ್ಷಣ ಸೆಸ್, ವೃಕ್ಷ ಸೆಸ್, ಬೀದಿ ತೆರಿಗೆ. ಇವುಗಳ ನಡುವೆ ರಾಜ್ಯ ಶಿಕ್ಷಣ ಸೆಸ್ ಕೂಡ ಇದೆ, ಅಂಗಡಿ ಕಚೇರಿಗಳಾದರೆ ಉದ್ಯೋಗ ಖಾತರಿ ಸೆಸ್ಸೂ ಸೇರುತ್ತದೆ. ಈ ಎರಡನ್ನು ಪಾಲಿಕೆ ವಸೂಲು ಮಾಡಿ ರಾಜ್ಯಕ್ಕೆ ಒಪ್ಪಿಸುತ್ತದೆ. ತಾನು ಕಟ್ಟಿದ್ದೆಲ್ಲ ತನ್ನ ರಸ್ತೆಗೆ ಬಂತೆಂದು ತಿಳಿಯುವವರು ಈ ಸಾಲುಗಳನ್ನು ಓದುವುದು ಒಳ್ಳೆಯದು.

2010ರಿಂದ ಮುಂಬೈಯಲ್ಲಿ ತೆರಿಗೆ ಲೆಕ್ಕ ಆಸ್ತಿಯ ಬಂಡವಾಳ ಮೌಲ್ಯದ ಮೇಲೆ. 500 ಚದರಡಿಯೊಳಗಿನ ಮನೆಗಳಿಗೆ ಮೊದಲು ಸಾಮಾನ್ಯ ತೆರಿಗೆಯಷ್ಟೇ ಮಾಫಿಯಾಗಿತ್ತು, 2022ರ ಜನವರಿಯಿಂದ ಪೂರ್ತಿ ಮಾಫಿ. ಚಾಳುಗಳಲ್ಲಿ, ಪಂತ್ ನಗರದಂಥ ಕಾಲನಿಗಳಲ್ಲಿ ಇರುವ ಕೆಳ ಮಧ್ಯಮ ವರ್ಗದವರಿಗೆ ಇದು ದೊಡ್ಡ ನೆಮ್ಮದಿ. ಆದರೆ ಬೀದಿ, ಗಟಾರಗಳ ಖರ್ಚು ಮಾತ್ರ ಮಾಫಿಯಾಗಲಿಲ್ಲ. ಆ ಖೋತಾ ತುಂಬಲು ಪಾಲಿಕೆ ಬೇರೆ ದಾರಿ ಹುಡುಕುತ್ತಿದೆ. ಝೋಪಡಪಟ್ಟಿಗಳಲ್ಲಿರುವ ಅಂಗಡಿ, ಗೋದಾಮುಗಳಿಗೆ ಆಸ್ತಿ ತೆರಿಗೆ ಹಾಕುವ ಪ್ರಸ್ತಾಪ 2025–26ರ ಆಯವ್ಯಯದಲ್ಲಿ ಬಂದದ್ದು ಹೀಗೆ. ಇನ್ನೊಂದು ಮೂಲ, ಹೆಚ್ಚು ವಿಸ್ತೀರ್ಣ ಕಟ್ಟಲು ಸಿಗುವ ಹೆಚ್ಚುವರಿ ಎಫ್‌ಎಸ್‌ಐಗೆ ಬಿಲ್ಡರುಗಳು ಕಟ್ಟುವ ಪ್ರೀಮಿಯಂ. ಕಟ್ಟಡದ ಧಂದೆ ಬಿದ್ದ ವರ್ಷ ಅದೂ ಬೀಳುತ್ತದೆ. ಒಂದು ಕಾಲಕ್ಕೆ 90 ಸಾವಿರ ಕೋಟಿ ದಾಟಿದ್ದ ಪಾಲಿಕೆಯ ಬ್ಯಾಂಕ್ ಠೇವಣಿ ಈಚೆಗೆ ಕರಗುತ್ತಿದೆ.

2025–26ರಲ್ಲಿ ಪಾಲಿಕೆಯ ಆಯವ್ಯಯದ ಗಾತ್ರ 74,427 ಕೋಟಿ ರೂಪಾಯಿ. ಅದರಲ್ಲಿ 43 ಸಾವಿರ ಕೋಟಿಗೂ ಹೆಚ್ಚು, ಅಂದರೆ ನೂರಕ್ಕೆ 58 ಪಾಲು, ಹೊಸದಾಗಿ ಕಟ್ಟುವ ಬಂಡವಾಳ ವೆಚ್ಚ. ಉಳಿದದ್ದರಲ್ಲಿ ಸಂಬಳ, ಪಿಂಚಣಿ, ವಿದ್ಯುತ್ತು, ಔಷಧ, ಕಸ ಸಾಗಣೆ ಕಳೆದ ಮೇಲೆ ದುರಸ್ತಿಯ ಸರದಿ. ಇದು ಮುಂಬೈಯೊಂದರ ಕತೆಯಲ್ಲ. ಸಾಲವಾಗಲಿ, ಬಾಂಡಾಗಲಿ, ಕೇಂದ್ರದ ಅನುದಾನವಾಗಲಿ ಸಾಮಾನ್ಯವಾಗಿ ಸಿಗುವುದು ಹೊಸ ಕಾಮಗಾರಿಗೆ. ಪೂರ್ವ ಮುಂಬೈಯ ಈಸ್ಟರ್ನ್ ಫ್ರೀವೇಗೆ ಕೇಂದ್ರದ ನಗರ ನವೀಕರಣ ಯೋಜನೆಯಾದ ಜೆ-ನರ್ಮ್‌ನ ಹಣ ಬಂತು. 2005ರ ಜುಲೈ 26ರ ಪ್ರಳಯದ ಬಳಿಕ ಮಳೆನೀರಿನ ನಾಲೆಗಳ ಸುಧಾರಣೆಗೆ ಕೇಂದ್ರ 1,200 ಕೋಟಿ ಮಂಜೂರು ಮಾಡಿತು. ಕಟ್ಟಿದ ಮೇಲೆ ವರ್ಷ ವರ್ಷ ಹೂಳೆತ್ತುವ ಖರ್ಚು ಮಾತ್ರ ಪಾಲಿಕೆಯ ತಲೆಯ ಮೇಲೆ.

ಜನಪ್ರತಿನಿಧಿಗಳ ನಿಧಿಯೂ ಇದೇ ದಾರಿ ಹಿಡಿದಿದೆ. ಒಬ್ಬ ಸಂಸದರಿಗೆ ವರ್ಷಕ್ಕೆ 5 ಕೋಟಿ ರೂಪಾಯಿಯ ಸ್ಥಳೀಯಾಭಿವೃದ್ಧಿ ನಿಧಿ ಇದೆ. ಶಾಸಕರಿಗೂ ಪಾಲಿಕೆಯ ಸದಸ್ಯರಾದ ನಗರಸೇವಕರಿಗೂ ಅವರವರ ನಿಧಿ. ಸಂಸದರ ನಿಧಿ ಮೂಲತಃ ಬಾಳಿಕೆ ಬರುವ ಹೊಸ ಆಸ್ತಿ ನಿರ್ಮಾಣಕ್ಕೆಂದೇ ರೂಪಿಸಿದ್ದು. ಹೀಗಾಗಿ ಉದ್ಯಾನದ ಮಹಾದ್ವಾರ, ಬಸ್ ತಂಗುದಾಣ, ವ್ಯಾಯಾಮಶಾಲೆಗಳ ಮೇಲೆ ಹೆಸರಿನ ಫಲಕ ಬೇಗ ಏರುತ್ತದೆ. ಮೂರು ವರ್ಷದ ಬಳಿಕ ಅದೇ ವ್ಯಾಯಾಮಶಾಲೆಯ ತುಕ್ಕು ಹಿಡಿದ ಸಲಕರಣೆಗೆ ಬಣ್ಣ ಬಳಿಸಲು ಯಾರ ನಿಧಿಯೂ ಮುಂದೆ ಬರುವುದಿಲ್ಲ. 2022ರ ಮಾರ್ಚಿನಲ್ಲಿ ಅವಧಿ ಮುಗಿದ ಪಾಲಿಕೆಗೆ 2026ರ ಜನವರಿಯವರೆಗೆ ಚುನಾವಣೆಯೇ ನಡೆಯಲಿಲ್ಲ. ಅಷ್ಟೂ ಕಾಲ ನಗರಸೇವಕರಿಲ್ಲದೆ ಆಡಳಿತಾಧಿಕಾರಿಯೇ ಆಯವ್ಯಯ ಮಾಡಿದರು. ವಾರ್ಡಿನ ಸಣ್ಣ ರಿಪೇರಿಗಳ ಬಗ್ಗೆ ಸಭೆಯಲ್ಲಿ ಎದ್ದು ಕೇಳುವವರಿರಲಿಲ್ಲ.

ರಸ್ತೆಗಳ ವಿಷಯದಲ್ಲಿ ಪಾಲಿಕೆ ಒಂದು ತೀರ್ಮಾನಕ್ಕೆ ಬಂದಿದೆ. ಪ್ರತಿ ಮಳೆಗಾಲ ಕಿತ್ತುಹೋಗುವ ಡಾಂಬರಿಗೆ ತೇಪೆ ಹಾಕುವುದಕ್ಕಿಂತ ಒಮ್ಮೆ ಸಿಮೆಂಟ್ ಕಾಂಕ್ರೀಟು ಹಾಕುವುದು ಲೇಸು ಎಂದು. ನಗರದ 2,000 ಕಿಲೋಮೀಟರಿಗೂ ಹೆಚ್ಚಿನ ರಸ್ತೆಗಳಲ್ಲಿ ಸುಮಾರು 400 ಕಿಲೋಮೀಟರಿಗೆ ಮೊದಲ ಹಂತದಲ್ಲಿ 6,080 ಕೋಟಿ ರೂಪಾಯಿಯ ಗುತ್ತಿಗೆ ಕೊಟ್ಟರು. ಗುತ್ತಿಗೆಯಲ್ಲಿ ದೋಷ ಹೊಣೆಯ ಅವಧಿ ಎಂಬುದಿದೆ: ಅಷ್ಟು ವರ್ಷ ರಸ್ತೆ ಬಿರುಕು ಬಿಟ್ಟರೆ ಗುತ್ತಿಗೆದಾರ ಸ್ವಂತ ಖರ್ಚಿನಲ್ಲಿ ಸರಿಮಾಡಬೇಕು. ಕೇಬಲ್ಲಿಗೋ ಗ್ಯಾಸ್ ಪೈಪಿಗೋ ರಸ್ತೆ ಅಗೆಯುವ ಕಂಪನಿಗಳು ಅದನ್ನು ಮುಚ್ಚುವ ಖರ್ಚನ್ನು ಪಾಲಿಕೆಗೆ ಮುಂಚಿತವಾಗಿ ಕಟ್ಟಬೇಕು. ಕಾಗದದ ಮೇಲೆ ಎರಡೂ ಗಟ್ಟಿ ನಿಯಮ. ಯಾವ ರಸ್ತೆ ಯಾವ ಗುತ್ತಿಗೆದಾರನ ಹೊಣೆಯಲ್ಲಿದೆ, ಯಾವ ತಿಂಗಳವರೆಗೆ ಎಂಬ ಲೆಕ್ಕ ವಾರ್ಡ್ ಎಂಜಿನಿಯರ ಬಳಿ ಚೊಕ್ಕವಾಗಿ ಇದ್ದರೆ ಮಾತ್ರ ಅವು ಉಪಯೋಗಕ್ಕೆ ಬರುತ್ತವೆ.

ರೈಲು ಹಳಿಯ ಮೇಲಿನ ಸೇತುವೆಯ ಲೆಕ್ಕ ಇನ್ನೂ ಜಟಿಲ. 2018ರ ಜುಲೈ 3ರಂದು ಅಂಧೇರಿಯ ಗೋಖಲೆ ಸೇತುವೆಯ ಒಂದು ಭಾಗ ಹಳಿಗೆ ಬಿದ್ದ ಮೇಲೆ ರೈಲ್ವೆ, ಪಾಲಿಕೆ, ಐಐಟಿ ಬಾಂಬೆ ಕೂಡಿ 445 ಸೇತುವೆಗಳ ತಪಾಸಣೆಗೆ ಇಳಿದವು. ಸಾಮಾನ್ಯ ಪದ್ಧತಿಯಲ್ಲಿ ಹಳಿಯ ಮೇಲಿನ ಭಾಗದ ಕೆಲಸ ರೈಲ್ವೆಯದು, ಹಣ ಪಾಲಿಕೆಯದು, ಎರಡೂ ಬದಿಯ ಇಳಿಜಾರು ಪಾಲಿಕೆಯೇ ಕಟ್ಟಬೇಕು. ಎನ್ ವಾರ್ಡಿನ ವಿದ್ಯಾವಿಹಾರ ಸೇತುವೆಯ ಸುಮಾರು ನೂರು ಮೀಟರ್ ಉದ್ದದ ಎರಡು ಉಕ್ಕಿನ ತೊಲೆಗಳು 2023ರಲ್ಲಿ ಹಳಿಯ ಮೇಲೆ ಕೂತವು. ಅದರ ನಂತರವೂ ಇಳಿಜಾರಿನ ಕೆಲಸ ವರ್ಷಗಟ್ಟಲೆ ಹಿಡಿಯಿತು.

ದುರಸ್ತಿಗೆ ಹಣ ಹೊಂದಿಸುವ ಕಷ್ಟ ಎಲ್ಲಕ್ಕಿಂತ ಹತ್ತಿರದಿಂದ ಕಾಣುವುದು ಗುಡ್ಡದ ವಸತಿಗಳ ಸಾರ್ವಜನಿಕ ಶೌಚಾಲಯಗಳಲ್ಲಿ. ಮನೆಯೊಳಗೆ ಸಂಡಾಸಿಗೆ ಜಾಗವಿಲ್ಲದ ಸಾವಿರಾರು ಕುಟುಂಬಗಳಿಗೆ ಅದೇ ಗತಿ. ಹಿಂದೆ ಕಟ್ಟಿದವರು ಕಟ್ಟಿ ಹೋದರು. ಬಾಗಿಲ ಚಿಲಕ ಮುರಿಯಿತು, ನೀರಿನ ಟಾಕಿ ಸೋರಿತು, ವಿದ್ಯುತ್ ಬಿಲ್ಲು ಬಾಕಿ ಉಳಿದು ದೀಪ ಆರಿತು, ಕತ್ತಲಾದ ಮೇಲೆ ಹೆಂಗಸರು ಅತ್ತ ಹೋಗುವುದೇ ನಿಂತಿತು. 1990ರ ದಶಕದಲ್ಲಿ ವಿಶ್ವಬ್ಯಾಂಕಿನ ನೆರವಿನಿಂದ ಬಂದ ಝೋಪಡಪಟ್ಟಿ ನೈರ್ಮಲ್ಯ ಯೋಜನೆ ಈ ಕ್ರಮವನ್ನೇ ಬದಲಿಸಿತು. ಕಟ್ಟುವ ಮೊದಲೇ ವಸತಿಯವರು ಸಂಘ ಕಟ್ಟಬೇಕು, ವಯಸ್ಕರೊಬ್ಬರಿಗೆ 100 ರೂಪಾಯಿಯಂತೆ, ಕುಟುಂಬಕ್ಕೆ ಹೆಚ್ಚೆಂದರೆ 500 ರೂಪಾಯಿ ವಂತಿಗೆ ಹಾಕಬೇಕು. ಪಾಲಿಕೆ ಕಟ್ಟಿಕೊಡುತ್ತದೆ, ಆಮೇಲಿನ ಉಸ್ತುವಾರಿ ಸಂಘದ್ದು, ತಿಂಗಳ ಪಾಸಿನ ಹಣದಿಂದ. ಸಂಘ ಗಟ್ಟಿಯಿದ್ದ ಕಡೆ ಇದು ನಡೆಯಿತು. ನೀರಿನ ದರ, ವಿದ್ಯುತ್ ದರ ಏರಿದ ಕಡೆ, ಸಂಘದೊಳಗೆ ಜಗಳ ಹುಟ್ಟಿದ ಕಡೆ ಕುಂಟಿತು.

2016ರಲ್ಲಿ ಘಾಟ್ಕೋಪರಿನ ಆಜಾದ್ ನಗರದಲ್ಲಿ ಹಿಂದೂಸ್ತಾನ್ ಯೂನಿಲಿವರ್ ಕಂಪನಿ ಪಾಲಿಕೆಯ ಜೊತೆಗೂಡಿ 'ಸುವಿಧಾ' ಎಂಬ ಮೊದಲ ಕೇಂದ್ರ ತೆರೆಯಿತು. ಶೌಚಾಲಯದ ಜೊತೆ ಸ್ನಾನದ ಕೋಣೆ, ಕುಡಿಯುವ ಶುದ್ಧ ನೀರು, ಬಟ್ಟೆ ಒಗೆಯುವ ಯಂತ್ರ. ಕೈ ತೊಳೆದ, ಮೈ ತೊಳೆದ, ಬಟ್ಟೆ ಒಗೆದ ನೀರನ್ನೇ ಶುದ್ಧಮಾಡಿ ಶೌಚಾಲಯಕ್ಕೆ ಹರಿಸುತ್ತಾರೆ. ನೀರಿನ ಬಿಲ್ಲು ಇಳಿಯುತ್ತದೆ, ಬಟ್ಟೆ ಒಗೆತದಿಂದ ಮತ್ತು ನೀರಿನ ಮಾರಾಟದಿಂದ ನಾಲ್ಕು ಕಾಸು ಬರುತ್ತದೆ, ಆ ಕಾಸಿನಲ್ಲಿ ಕಾವಲುಗಾರ, ಸಫಾಯಿ, ರಿಪೇರಿ ನಡೆಯುತ್ತವೆ. ಕಂಪನಿಯ ಹಣದ ಮೇಲೆ ಇಡೀ ನಗರ ನಿಲ್ಲಲಾರದು, ನಿಲ್ಲಲೂ ಬಾರದು. ಆದರೆ ಕಟ್ಟಡದ ನಕ್ಷೆ ಬರೆಯುವಾಗಲೇ ಅದರ ನಿತ್ಯದ ಖರ್ಚು ಎಲ್ಲಿಂದ ಹುಟ್ಟಬೇಕೆಂದು ಯೋಚಿಸಿದ್ದು ಇಲ್ಲಿಯ ಮುಖ್ಯ ಪಾಠ.

ಘಾಟ್ಕೋಪರಿನಲ್ಲಿರುವ ಪಾಲಿಕೆಯ ರಾಜಾವಾಡಿ ಆಸ್ಪತ್ರೆಗೆ ಶೇಠ್ ವಿ. ಸಿ. ಗಾಂಧಿ ಮತ್ತು ಎಂ. ಎ. ವೋರಾ ಅವರ ಹೆಸರಿದೆ. ಹೆಸರು ಶಾಶ್ವತ, ಕಟ್ಟಡಕ್ಕೆ ಮಾತ್ರ ಪ್ರತಿ ವರ್ಷ ಹಣ ಬೇಕು. 2021ರ ಜೂನ್‌ನಲ್ಲಿ ಅಲ್ಲಿಯ ತೀವ್ರ ನಿಗಾ ಘಟಕದಲ್ಲಿದ್ದ ರೋಗಿಯ ಕಣ್ಣಿನ ಬಳಿ ಇಲಿ ಕಚ್ಚಿದ ಸುದ್ದಿ ದೇಶವನ್ನೇ ಬೆಚ್ಚಿಬೀಳಿಸಿತು. ಕಿಂಡಿ ಮುಚ್ಚುವುದು, ಜಾಳಿಗೆ ಹೊಡೆಯುವುದು ಆಸ್ಪತ್ರೆಯ ಅತಿ ಅಗ್ಗದ ಕೆಲಸಗಳು; ಅವು ತಪ್ಪಿದಾಗ ತೆರುವ ಬೆಲೆ ಅಳತೆಗೆ ಸಿಗದು.

ಖಾಸಗಿ ಕಟ್ಟಡಗಳಿಗೆ ಪಾಲಿಕೆಯ ಹಣವಿಲ್ಲ. ದಕ್ಷಿಣ ಮುಂಬೈಯ ಹಳೆಯ ಕಟ್ಟಡಗಳಿಂದ ದುರಸ್ತಿ ಸೆಸ್ ಎತ್ತಿ ರಿಪೇರಿ ಮಂಡಳಿಯೇ ಕೆಲಸ ಮಾಡಿಸುವ ಪದ್ಧತಿ 1969ರಿಂದ ಇದೆ, ಆದರೆ ಅದು ಘಾಟ್ಕೋಪರಿನಂಥ ಉಪನಗರಕ್ಕೆ ಅನ್ವಯಿಸುವುದಿಲ್ಲ. ಇಲ್ಲಿಯ ಸೊಸೈಟಿಗಳು ತಮ್ಮ ಹಣ ತಾವೇ ಕೂಡಿಡಬೇಕು. ಮಾದರಿ ಉಪನಿಯಮಗಳ ಪ್ರಕಾರ ಮನೆ ಕಟ್ಟಿದ ವೆಚ್ಚದ ಶೇಕಡ 0.25 ಮುಂದಿನ ದೊಡ್ಡ ಖರ್ಚಿಗೆ ಕೂಡಿಡುವ ಸಿಂಕಿಂಗ್ ಫಂಡಿಗೆ, ಶೇಕಡ 0.75 ರಿಪೇರಿ ನಿಧಿಗೆ ವರ್ಷ ವರ್ಷ ಸೇರಬೇಕು. 30 ವರ್ಷ ದಾಟಿದ ಕಟ್ಟಡಕ್ಕೆ ರಚನಾ ತಪಾಸಣೆ ಕಡ್ಡಾಯ. 2017ರ ಜುಲೈ 25ರಂದು ಘಾಟ್ಕೋಪರಿನ ದಾಮೋದರ ಪಾರ್ಕಿನ ಸಾಯಿಸಿದ್ಧಿ ಕಟ್ಟಡ ಕುಸಿದು 17 ಜನ ಸತ್ತರು. ಕೆಳಮಹಡಿಯ ನವೀಕರಣದಲ್ಲಿ ಕಂಬಗಳಿಗೆ ಕೈಹಾಕಿದ ಆರೋಪ ಬಂತು.

ಈಗ ಘಾಟ್ಕೋಪರಿನಲ್ಲಿ ದಿನಕ್ಕೆ 33.7 ಕೋಟಿ ಲೀಟರ್ ಮಲಿನ ನೀರು ಶುದ್ಧೀಕರಿಸುವ ಘಟಕ ಎದ್ದುನಿಲ್ಲುತ್ತಿದೆ. 2023ರ ಜನವರಿಯಲ್ಲಿ ಶಂಕುಸ್ಥಾಪನೆಯಾದ ನಗರದ ಏಳು ಘಟಕಗಳಲ್ಲಿ ಇದೊಂದು. ಇವುಗಳ ಗುತ್ತಿಗೆಯಲ್ಲಿ ಕಟ್ಟಿದವರೇ ಮುಂದೆ ವರ್ಷಗಟ್ಟಲೆ ನಡೆಸಿಕೊಡಬೇಕೆಂಬ ಕರಾರಿದೆ. ಶಾಲೆಗೆ, ಶೌಚಾಲಯಕ್ಕೆ, ಪಾದಚಾರಿ ಸೇತುವೆಗೆ ಇದೇ ಕರಾರು ಬರಬೇಕು. ಪಾಲಿಕೆಯ ಆಯವ್ಯಯ ಪ್ರತಿ ಫೆಬ್ರವರಿಯಲ್ಲಿ ಮಂಡನೆಯಾಗುತ್ತದೆ, ಅದರ ಪುಸ್ತಕ ಎಲ್ಲರಿಗೂ ತೆರೆದಿದೆ. ಘಾಟ್ಕೋಪರಿನ ಕನ್ನಡಿಗರು ತಮ್ಮ ಬೀದಿಯ ಗುಂಡಿಯ ಬಗ್ಗೆ 1916ಕ್ಕೆ ಫೋನು ಮಾಡಲಿ, ಜೊತೆಗೆ ತಮ್ಮ ನಗರಸೇವಕರ ಬಳಿ ಹೋಗಿ ಎನ್ ವಾರ್ಡಿನ ದುರಸ್ತಿಗೆ ಈ ವರ್ಷ ಎಷ್ಟು ಹಣ ಇಟ್ಟಿದ್ದಾರೆಂದು ಕೇಳಲಿ.