ಎದೆ ಒತ್ತಬೇಡಿ ಎನ್ನಲು ಒಂದು ಸಹಿ

ನಿಂತ ಹೃದಯವನ್ನು ಎದೆ ಸೀಳದೆ, ಹೊರಗಿನಿಂದಲೇ ಒತ್ತಿ ರಕ್ತ ಹರಿಸಬಹುದೆಂದು 1960ರಲ್ಲಿ ತೋರಿಸಿಕೊಟ್ಟವರು ಅಮೆರಿಕದ ಜಾನ್ಸ್ ಹಾಪ್ಕಿನ್ಸ್‌ನ ಕೌವೆನ್‌ಹೋವೆನ್, ಜೂಡ್, ನಿಕರ್‌ಬಾಕರ್. ಉಪಕರಣ ಬೇಡ, ಎರಡು ಕೈ ಸಾಕು. ಹೃದಯಾಘಾತದಲ್ಲೋ ಅರಿವಳಿಕೆಯ ನಡುವೆಯೋ ಥಟ್ಟನೆ ಕುಸಿದವರಿಗೆ ಹೇಳಿ ಮಾಡಿಸಿದ ವಿದ್ಯೆ ಅದು. ಆದರೆ ಯಾರು ಸತ್ತರೂ ಕೊನೆಗೆ ನಿಲ್ಲುವುದು ಹೃದಯವೇ ತಾನೆ? ಕ್ಯಾನ್ಸರಿನ ಕೊನೆಯ ಹಂತದಲ್ಲಿದ್ದವರ ಎದೆಯನ್ನೂ ಒತ್ತತೊಡಗಿದರು, ಪಕ್ಕೆಲುಬು ಮುರಿದರೂ ಸರಿಯೇ. ಚಿಕಿತ್ಸೆ ಕೊಡಲು ಒಪ್ಪಿಗೆ ಕೇಳುವುದು ವಾಡಿಕೆ. ಇಲ್ಲಿ ಕೊಡದಿರಲು ಅಪ್ಪಣೆ ಬೇಕಾಯಿತು.

ಮನಸ್ಸಿಲ್ಲದ ವೈದ್ಯರು ಬೇಕೆಂದೇ ನಿಧಾನಿಸಿ, ಒತ್ತಿದ ಶಾಸ್ತ್ರ ಮುಗಿಸುತ್ತಿದ್ದದ್ದೂ ಉಂಟು. 'ಸ್ಲೋ ಕೋಡ್' ಎಂದು ಅದಕ್ಕೆ ಹೆಸರೇ ಇತ್ತು. ಗುಣವಾಗದ ಕಾಯಿಲೆಯಿಂದ ಸಾವು ಖಚಿತವಿದ್ದಲ್ಲಿ ಎದೆ ಒತ್ತುವ ಈ ಸಿಪಿಆರ್ ಸಲ್ಲದು, ಆ ನಿರ್ಧಾರವನ್ನು ಕೇಸ್‌ಶೀಟಿನಲ್ಲಿ ಬರೆಯಿರಿ ಎಂಬ ವೃತ್ತಿಪರ ಸೂಚನೆ ಅಲ್ಲಿ ಬಂದದ್ದು 1974ರಲ್ಲಿ.

ನಮ್ಮಲ್ಲಿ ಬರೆಯುವ ಗೋಜೇ ಇರಲಿಲ್ಲ. 'ಇನ್ನೇನೂ ಮಾಡೋಕಾಗಲ್ಲ, ಮನೆಗೆ ಕರ್ಕೊಂಡು ಹೋಗಿ' ಎಂದರೆ ಮುಗಿಯಿತು. ಕಾಗದದಲ್ಲಿ ಮಾತ್ರ ಅದು 'ವೈದ್ಯರ ಸಲಹೆ ಮೀರಿ ಬಿಡುಗಡೆ'. ಸೂಚನೆ ವೈದ್ಯರದು, ಸಹಿ ಮನೆಯವರದು. ಬಿಲ್ಲು ಕಟ್ಟಲಾಗದೆ ಹೊರಟವರೂ ಇದೇ ಸಾಲಿನಲ್ಲಿ ಸೇರುತ್ತಾರೆ. ಮನೆಯಲ್ಲಿ ಉಸಿರಾಟದ ಸಂಕಟ ತಗ್ಗಿಸಲು ಒಂದು ಮಾರ್ಫಿನ್ ಗುಳಿಗೆಯೂ ಸಿಗದು. ಇದನ್ನು ಕರುಣೆ ಎನ್ನಲು ನನಗೆ ಬಾಯಿ ಬರುವುದಿಲ್ಲ.

ಕಾನೂನಿನ ಬಾಗಿಲು ತೆರೆದದ್ದು ನಮ್ಮ ಹೊನ್ನಾವರ ಸೀಮೆಯ ನರ್ಸ್ ಅರುಣಾ ಶಾನಭಾಗ್ ಪ್ರಕರಣ. ಮುಂಬೈನಲ್ಲಿ 1973ರ ಹಲ್ಲೆಯ ನಂತರ ಅವರು ಹಾಸಿಗೆ ಬಿಟ್ಟೇಳಲಿಲ್ಲ. ಸುಪ್ರೀಂ ಕೋರ್ಟಿನ 2011ರ ತೀರ್ಪು ಅವರ ಆಹಾರ ನಿಲ್ಲಿಸಲು ಒಪ್ಪದಿದ್ದರೂ ನಿಷ್ಕ್ರಿಯ ದಯಾಮರಣವನ್ನು ಮಾನ್ಯ ಮಾಡಿತು. 2018ರಲ್ಲಿ ಅದೇ ಕೋರ್ಟ್, ಕೊನೆಗಾಲದಲ್ಲಿ ಯಾವ ಚಿಕಿತ್ಸೆ ಬೇಡವೆಂದು ಮೊದಲೇ ಬರೆದಿಡುವ ಲಿವಿಂಗ್ ವಿಲ್‌ಗೂ ಮಾನ್ಯತೆ ಕೊಟ್ಟಿತು, ಆದರೆ ಮ್ಯಾಜಿಸ್ಟ್ರೇಟರ ಸಹಿ ಬೇಕೆಂದಿತು. ಆ ಗಂಟು ಸಡಿಲವಾದದ್ದು 2023ರಲ್ಲಿ; ನೋಟರಿ ಸಾಕು ಎಂದಾಯಿತು. 2025ರ ಜನವರಿಯಲ್ಲಿ ಕರ್ನಾಟಕ ಸರ್ಕಾರ ಈ ತೀರ್ಪಿನ ಜಾರಿಗೆ ಸುತ್ತೋಲೆ ಹೊರಡಿಸಿತು.

ವೆಂಟಿಲೇಟರ್ ತೆಗೆಯುವ ತೀರ್ಮಾನಕ್ಕೆ ಎರಡು ವೈದ್ಯಕೀಯ ಮಂಡಳಿಗಳು ಕೂರಬಹುದು. ನಿಂತ ಹೃದಯ ಮಂಡಳಿಗಾಗಿ ಕಾಯದು. ಆದ್ದರಿಂದಲೇ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2020ರಲ್ಲಿ ಸಿಪಿಆರ್ ಬೇಡವೆನ್ನುವುದಕ್ಕೇ ಪ್ರತ್ಯೇಕ ಮಾರ್ಗಸೂಚಿ ತಂದಿತು. ಅದರ ಪ್ರಕಾರ ಬಿಡುವುದು ಎದೆ ಒತ್ತುವಂಥ ಕ್ರಮಗಳನ್ನಷ್ಟೇ. ಆ್ಯಂಟಿಬಯೋಟಿಕ್, ಡ್ರಿಪ್, ನೋವಿನ ಔಷಧ ಎಲ್ಲವೂ ಮುಂದುವರಿಯಬಹುದು. ಮಾತಾಡಬೇಕಾದದ್ದು ಮೊದಲು ರೋಗಿಯೊಡನೆ, ಅವರಿಗೆ ಆಗದಿದ್ದರೆ ಮನೆಯವರೊಡನೆ. ಐಸಿಯು ಬಾಗಿಲಲ್ಲಿ ಮಗ ವೈದ್ಯರನ್ನು ತಡೆಯುತ್ತಾನೆ: 'ಅಪ್ಪನಿಗೆ ಮಾತ್ರ ಏನೂ ಹೇಳ್ಬೇಡಿ ಡಾಕ್ಟ್ರೇ.' ಅಪ್ಪನಿಗೆ ಎಚ್ಚರ ತಪ್ಪಿದ ಮೇಲೆ ಅದೇ ಮಗನ ಕೈಗೆ ಪೆನ್ನು ಬರುತ್ತದೆ.